ಒಂದೂವರೆ ತಿಂಗಳ ಇಂಜೆಕ್ಷನ್: ಜ್ವರ ಯಾಕೆ ಬರುತ್ತೆ, ಎಷ್ಟು ಹೆದರಬೇಕು?

ಮಗುವಿಗೆ ಒಂದೂವರೆ ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ನೋಡಿ, "ಗುರುವಾರ ಅಂಗನವಾಡಿ ಹತ್ರ ಕರ್ಕೊಂಡು ಬನ್ನಿ ಅಕ್ಕಾ, ಪೆಂಟಾ ಇದೆ" ಎಂದು ಹೇಳಿ ಹೋಗಿರುತ್ತಾರೆ. ಪಕ್ಕದ ಮನೆಯವರು "ಅದನ್ನ ಹಾಕ್ಸಿದ್ರೆ ಮಗು ರಾತ್ರಿಯೆಲ್ಲ ಅಳುತ್ತೆ, ಪ್ರೈವೇಟ್‌ನಲ್ಲಿ ಪೇನ್‌ಲೆಸ್ ಸಿಗುತ್ತಲ್ಲ" ಅನ್ನುತ್ತಾರೆ. ಇನ್ನೂ ಬಾಣಂತನವೇ ಮುಗಿದಿಲ್ಲ, ಇಷ್ಟು ಎಳೆಗೂಸಿಗೆ ಇಷ್ಟೊಂದು ಸೂಜಿ ಯಾಕೆ ಎಂಬುದು ಅಜ್ಜಿಯ ಪ್ರಶ್ನೆ. ಇವರ ನಡುವೆ ಸಿಕ್ಕಿಕೊಂಡ ಅಮ್ಮ "ಮುಂದಿನ ವಾರ ನೋಡೋಣ" ಎಂದುಬಿಡುತ್ತಾಳೆ. ಆ ಮುಂದಿನ ವಾರ ಎಷ್ಟೋ ಮನೆಗಳಲ್ಲಿ ಮುಂದಿನ ತಿಂಗಳಾಗಿಬಿಡುತ್ತದೆ.

ಪೆಂಟಾವೇಲೆಂಟ್ ಲಸಿಕೆಯಲ್ಲಿ ಐದು ಕಾಯಿಲೆಗಳ ವಿರುದ್ಧದ ಅಂಶಗಳಿವೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಜ್ವರ, ಊತ, ಅಳು ಇವುಗಳಿಗೆ ಬಹುಪಾಲು ಕಾರಣ ಅದರಲ್ಲಿರುವ ನಾಯಿಕೆಮ್ಮಿನ ಭಾಗ. ಅದೊಂದನ್ನು ಅರ್ಥ ಮಾಡಿಕೊಂಡರೆ ಯಾವ ಲಸಿಕೆ, ಯಾವಾಗ, ಜ್ವರ ಬಂದರೆ ಏನು ಎಂಬ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ಅವಸರ ಯಾಕೆ?

ನಾಯಿಕೆಮ್ಮು ತರುವುದು ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ. ಬೆಲ್ಜಿಯಮ್ಮಿನ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜಾಂಗೂ 1906ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಿದರು. ಮೊದಲ ಒಂದೆರಡು ವಾರ ಮಾಮೂಲಿ ನೆಗಡಿಯಂತೆಯೇ ಇರುತ್ತದೆ. ಆಮೇಲೆ ಕೆಮ್ಮು ಅಲೆಯಲೆಯಾಗಿ ಬರುತ್ತದೆ. ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡದೆ ಕೆಮ್ಮಿಸಿ, ಕೊನೆಗೆ ಊಳಿಟ್ಟಂಥ ಸದ್ದಿನೊಂದಿಗೆ ಉಸಿರು ಒಳಗೆ ಹೋಗುತ್ತದೆ, ಹಿಂದೆಯೇ ವಾಂತಿ. ಇದು ಎರಡು ಮೂರು ತಿಂಗಳು ಎಳೆಯುವುದುಂಟು.

ದೊಡ್ಡ ಮಕ್ಕಳ ಚಿತ್ರ ಇದು. ಮೂರು ನಾಲ್ಕು ತಿಂಗಳ ಕೂಸಿನಲ್ಲಿ ಆ ಸದ್ದು ಕೇಳಿಸದೇ ಇರಬಹುದು, ಕೆಮ್ಮು ಕೂಡ ಜೋರಾಗಿ ಇರದಿರಬಹುದು. ಕೂಸು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ನೀಲಿಗಟ್ಟುತ್ತದೆ. ನಾಯಿಕೆಮ್ಮಿಗೆ ಬಲಿಯಾಗುವವರಲ್ಲಿ ಹೆಚ್ಚಿನವರು ಹುಟ್ಟಿ ಕೆಲವೇ ತಿಂಗಳಾದ ಮಕ್ಕಳು. ಆಂಟಿಬಯಾಟಿಕ್ ಇದೆ, ಆದರೆ ಕೆಮ್ಮಿನ ಅಲೆಗಳು ಶುರುವಾದ ಮೇಲೆ ಕೊಟ್ಟರೆ ಅದು ಬೇರೆಯವರಿಗೆ ಹರಡುವುದನ್ನು ತಡೆಯುತ್ತದೆಯೇ ಹೊರತು ಕೆಮ್ಮನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಬಿಟ್ಟ ವಿಷ ಆಗಲೇ ತನ್ನ ಕೆಲಸ ಮಾಡಿಯಾಗಿರುತ್ತದೆ. ಆರನೇ ವಾರಕ್ಕೇ ಲಸಿಕೆ ಶುರು ಮಾಡುವುದು ಇದೇ ಕಾರಣಕ್ಕೆ. ಅಜ್ಜಿಯ ಪ್ರಶ್ನೆಗೆ ಉತ್ತರವೂ ಇದೇ: ಎಳೆಗೂಸು ಎಂಬುದಕ್ಕೇ ಬೇಗ ಹಾಕುವುದು.

ಜ್ವರ ಬರಿಸುವುದು ಯಾವುದು?

ನಾಯಿಕೆಮ್ಮಿಗೆ ಎರಡು ಬಗೆಯ ಲಸಿಕೆಗಳಿವೆ. ಮೊದಲನೆಯದು ಇಡೀ ಬ್ಯಾಕ್ಟೀರಿಯಾವನ್ನೇ ಬೆಳೆಸಿ, ಕೊಂದು, ಅಳತೆ ಮಾಡಿ ಕೊಡುವಂಥದ್ದು. ಇದನ್ನು ಹೋಲ್ ಸೆಲ್ ಲಸಿಕೆ ಎನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಹಗಲಿನ ಕೆಲಸ ಮುಗಿಸಿ ಸಂಜೆ ಮನೆಮನೆಗೆ ಹೋಗಿ ಕೆಮ್ಮುವ ಮಕ್ಕಳ ಮಾದರಿ ಸಂಗ್ರಹಿಸಿ ಇದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದರು. ನಮ್ಮ ಸರ್ಕಾರಿ ಪೆಂಟಾದಲ್ಲಿ ಮತ್ತು ಡಿಪಿಟಿಯಲ್ಲಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೆ ಮಾತ್ರ ಕೊಡುವ ಲಸಿಕೆ) ಇರುವುದು ಈ ಬಗೆ. ಎರಡನೆಯದು ಬ್ಯಾಕ್ಟೀರಿಯಾದ ಕೆಲವೇ ಪ್ರೋಟೀನ್‌ಗಳನ್ನು ಬೇರ್ಪಡಿಸಿ ಶುದ್ಧ ಮಾಡಿದ ಏಸೆಲ್ಯುಲಾರ್ ಲಸಿಕೆ. ಇದು ಜಪಾನಿನಲ್ಲಿ 1981ರಿಂದ ಬಳಕೆಗೆ ಬಂತು. ಖಾಸಗಿ ಕ್ಲಿನಿಕ್‌ಗಳಲ್ಲಿ "ಪೇನ್‌ಲೆಸ್" ಎಂದು ಕರೆಯುವುದು ಇದನ್ನೇ. ಸೂಜಿ ಚುಚ್ಚಿದಾಗ ಇದರಲ್ಲೂ ಮಗು ಕಿರುಚುತ್ತದೆ. ಕಡಿಮೆ ಇರುವುದು ಆಮೇಲಿನ ಊತ ಮತ್ತು ಜ್ವರ.

ಇಡೀ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ಅಂಶವಿದೆ. ನಮ್ಮ ದೇಹದ ಕಾವಲು ಕಣಗಳು ಹುಟ್ಟಿನಿಂದಲೇ ಇದನ್ನು ಗುರುತಿಸಬಲ್ಲವು. ಗುರುತಿಸಿದ ಕೂಡಲೇ ಅವು ಕೆಲವು ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಮೈ ಬಿಸಿಯಾಗುವುದು, ತೊಡೆ ಕೆಂಪಾಗುವುದು, ಮಗು ಮಂಕಾಗಿ ಮಲಗುವುದು ಎಲ್ಲಾ ಅವುಗಳ ಪರಿಣಾಮ. ಆದರೆ ಅದೇ ಸಂಕೇತ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮುಂದೆ ನಿಜವಾದ ರೋಗಾಣು ಬಂದರೆ ಹೇಗೆ ಹೋರಾಡಬೇಕು ಎಂಬ ನೆನಪನ್ನು ಹೊತ್ತು ತಿರುಗುವ ಟಿ ಕಣಗಳು ಯಾವ ದಾರಿ ಹಿಡಿಯಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಹೋಲ್ ಸೆಲ್ ಲಸಿಕೆ ಪಡೆದ ಮಗುವಿನಲ್ಲಿ ಈ ನೆನಪು, ಕಾಯಿಲೆ ಬಂದು ಹೋದವರಲ್ಲಿ ಬೆಳೆಯುವ ನೆನಪಿಗೆ ಹತ್ತಿರ ಇರುತ್ತದೆ. ಏಸೆಲ್ಯುಲಾರ್ ಲಸಿಕೆಯಲ್ಲಿ ಪ್ರತಿಕಾಯಗಳು ಚೆನ್ನಾಗಿಯೇ ಹುಟ್ಟುತ್ತವೆ, ಆದರೆ ಟಿ ಕಣಗಳು ಬೇರೆ ದಾರಿ ಹಿಡಿಯುತ್ತವೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. ಅಮೆರಿಕದ ವಿಜ್ಞಾನಿಗಳು ಬಬೂನ್ ಕೋತಿಮರಿಗಳಿಗೆ ಎರಡೂ ಲಸಿಕೆ ಕೊಟ್ಟು, ಆಮೇಲೆ ರೋಗಾಣುವಿಗೆ ಒಡ್ಡಿ ನೋಡಿದರು. ಏಸೆಲ್ಯುಲಾರ್ ಪಡೆದ ಮರಿಗಳಿಗೆ ಕಾಯಿಲೆ ಬರಲಿಲ್ಲ, ಆದರೆ ರೋಗಾಣು ಅವುಗಳ ಮೂಗು-ಗಂಟಲಿನಲ್ಲಿ ವಾರಗಟ್ಟಲೆ ಉಳಿದು ಬೇರೆ ಕೋತಿಗಳಿಗೂ ಹರಡಿತು. ಹೋಲ್ ಸೆಲ್ ಪಡೆದವು ಅದನ್ನು ಬೇಗ ತೊಡೆದುಹಾಕಿದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1998ರಲ್ಲಿ ಹುಟ್ಟಿದ ಮಕ್ಕಳ ದಾಖಲೆಗಳನ್ನು ಹತ್ತು ವರ್ಷದ ನಂತರ ತೆಗೆದು ನೋಡಿದಾಗ, ಮೊದಲ ಮೂರೂ ಡೋಸ್ ಏಸೆಲ್ಯುಲಾರ್ ಪಡೆದಿದ್ದವರಲ್ಲಿ ನಾಯಿಕೆಮ್ಮು, ಹೋಲ್ ಸೆಲ್ ಪಡೆದಿದ್ದವರಿಗಿಂತ ಮೂರು ಪಟ್ಟಿನಷ್ಟು ಹೆಚ್ಚಾಗಿತ್ತು. ಪೂರ್ತಿ ಏಸೆಲ್ಯುಲಾರ್‌ಗೆ ಬದಲಾದ ಅಮೆರಿಕದಲ್ಲಿ, 2010ರ ಕ್ಯಾಲಿಫೋರ್ನಿಯಾ ಪಿಡುಗಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಹತ್ತು ಹಸುಗೂಸುಗಳು ತೀರಿಕೊಂಡವು. ಆ ಲಸಿಕೆಯ ರಕ್ಷಣೆ ವರ್ಷದಿಂದ ವರ್ಷಕ್ಕೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಹಾಗಂತ ಏಸೆಲ್ಯುಲಾರ್ ಲಸಿಕೆ ಕೆಲಸಕ್ಕೆ ಬಾರದ್ದಲ್ಲ. ಎಳೆ ಮಕ್ಕಳನ್ನು ತೀವ್ರ ಕಾಯಿಲೆಯಿಂದ ಅದು ಚೆನ್ನಾಗಿಯೇ ಕಾಪಾಡುತ್ತದೆ. ಅದನ್ನು ಹಾಕಿಸಿದವರು ತಪ್ಪು ಮಾಡಿದೆವು ಎಂದು ಕೊರಗಬೇಕಿಲ್ಲ, ಬೂಸ್ಟರ್‌ಗಳನ್ನು ತಪ್ಪಿಸದಿದ್ದರೆ ಸಾಕು. ಆದರೆ "ದುಡ್ಡು ಕೊಟ್ಟದ್ದು ಒಳ್ಳೆಯದು, ಪುಕ್ಕಟೆ ಸಿಗುವುದು ಬಡವರಿಗೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೋಲ್ ಸೆಲ್ ಬಳಸುತ್ತಿರುವ ದೇಶಗಳು ಶಿಶುಗಳ ಮೊದಲ ಡೋಸ್‌ಗಳಿಗೆ ಅದನ್ನೇ ಮುಂದುವರಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದು ರಾತ್ರಿಯ ಅಳು ತಪ್ಪಿಸಲು ಸಾವಿರಾರು ರೂಪಾಯಿ ಕೊಡುವುದು ನಿಮ್ಮಿಷ್ಟ. ಆ ದುಡ್ಡು ಹೊಂದಿಸಲು ಡೋಸನ್ನೇ ಮುಂದೂಡುವುದು ಮಾತ್ರ ನಷ್ಟದ ವ್ಯಾಪಾರ.

ಎಷ್ಟು ಸುರಕ್ಷಿತ?

ಹೋಲ್ ಸೆಲ್ ಡಿಪಿಟಿಯ ಬಗ್ಗೆ ಬಹಳ ಉಲ್ಲೇಖವಾಗುವ ಅಧ್ಯಯನವೊಂದು ಅಮೆರಿಕದಲ್ಲಿ ನಡೆದು 1981ರಲ್ಲಿ ಪ್ರಕಟವಾಯಿತು. ಸುಮಾರು ಹದಿನೈದು ಸಾವಿರದ ಏಳುನೂರು ಡೋಸ್‌ಗಳನ್ನು ಅದು ಹಿಂಬಾಲಿಸಿತು. ಹತ್ತಿರಹತ್ತಿರ ಅರ್ಧದಷ್ಟು ಡೋಸ್‌ಗಳ ನಂತರ ಜ್ವರ ಬಂದಿತ್ತು, ಅಷ್ಟೇ ಪ್ರಮಾಣದಲ್ಲಿ ಸೂಜಿ ಹಾಕಿದ ಕಡೆ ನೋವಿತ್ತು. ನೂರರಲ್ಲಿ ಸುಮಾರು ಮೂರರಲ್ಲಿ ಮಗು ಬಿಡದೆ ಅತ್ತಿತ್ತು. ಫಿಟ್ಸ್ ಬಂದದ್ದು 1,750 ಡೋಸ್‌ಗಳಲ್ಲಿ ಒಂದರ ಪ್ರಮಾಣದಲ್ಲಿ. ಕೆಲಹೊತ್ತು ಮಗು ಸಪ್ಪಗೆ ಬಿಳಿಚಿ, ಮೈ ಸಡಿಲ ಬಿಟ್ಟು ಪ್ರತಿಕ್ರಿಯಿಸದೇ ಇದ್ದದ್ದೂ ಅಷ್ಟೇ ಅಪರೂಪಕ್ಕೆ. ನೋಡುವವರ ಜೀವ ಬಾಯಿಗೆ ಬರುತ್ತದೆ ನಿಜ, ಆದರೆ ಆ ಮಕ್ಕಳು ಚೇತರಿಸಿಕೊಂಡರು.

ಮಿದುಳಿಗೆ ಹಾನಿಯಾಗುತ್ತದೆ ಎಂಬ ಭಯ ಹುಟ್ಟಿದ್ದು 1970ರ ದಶಕದಲ್ಲಿ. ಬ್ರಿಟನ್ನಿನಲ್ಲಿ ಆ ಸುದ್ದಿ ಹರಡಿ ಲಸಿಕೆ ಹಾಕಿಸುವವರ ಪ್ರಮಾಣ ಮೂರನೇ ಒಂದರಷ್ಟಕ್ಕೆ ಇಳಿಯಿತು, ಹಿಂದೆಯೇ ಕಾಯಿಲೆ ದೊಡ್ಡದಾಗಿ ಮರಳಿತು. ಜಪಾನ್ ಕೂಡ 1975ರಲ್ಲಿ ಲಸಿಕೆಯನ್ನು ತಡೆಹಿಡಿದು, 1979ರಲ್ಲಿ ಹದಿಮೂರು ಸಾವಿರ ಪ್ರಕರಣ, ನಲವತ್ತೊಂದು ಸಾವು ಕಂಡಿತು. 2006ರಲ್ಲಿ ಆಸ್ಟ್ರೇಲಿಯಾದ ನರರೋಗ ತಜ್ಞ ಸ್ಯಾಮ್ಯುಯೆಲ್ ಬರ್ಕೋವಿಕ್ ಅವರ ತಂಡ, ಲಸಿಕೆಯಿಂದಲೇ ಮಿದುಳು ಕೆಟ್ಟಿತು ಎಂದು ಹೇಳಲಾಗಿದ್ದ 14 ಮಂದಿಯ ವಂಶವಾಹಿಗಳನ್ನು ಪರೀಕ್ಷಿಸಿತು. ಅವರಲ್ಲಿ 11 ಮಂದಿಗೆ ತೀವ್ರ ಫಿಟ್ಸ್ ತರುವ ಒಂದು ಜನ್ಮಜಾತ ದೋಷ ಇತ್ತು. ಅಂಥ ಕಾಯಿಲೆಗಳು ಮೊದಲು ತಲೆ ಎತ್ತುವುದೂ ಲಸಿಕೆಗಳ ಸಾಲು ಬರುವುದೂ ಮಗುವಿನ ಅದೇ ತಿಂಗಳುಗಳಲ್ಲಿ. ಕಾಕತಾಳೀಯ ಎಂದು ತಳ್ಳಿಹಾಕಲು ಪರೀಕ್ಷೆ ಬೇಕಿತ್ತು, ಅದು ನಡೆಯಿತು.

ಹಾಕಿಸುವ ದಿನ ಏನು ಮಾಡಬೇಕು

1. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಹಿಂದಿನ ಡೋಸ್ ನಂತರ ಏನಾದರೂ ಆಗಿದ್ದರೆ ಮೊದಲೇ ಹೇಳಿ. ಸಡಿಲ ಬಟ್ಟೆ ಹಾಕಿ, ತೊಡೆ ಸುಲಭವಾಗಿ ಸಿಗುವಂತಿರಲಿ.

2. ಆರನೇ ವಾರಕ್ಕೆ ಪೆಂಟಾ ಜೊತೆ ನ್ಯುಮೋಕಾಕಲ್ ಮತ್ತು ಪೋಲಿಯೊ ಇಂಜೆಕ್ಷನ್, ಬಾಯಿಗೆ ಹನಿಗಳು ಇರುತ್ತವೆ. ಒಂದೇ ದಿನ ಹಾಕಿದರೆ ಮಗುವಿನ ಶಕ್ತಿ ಕುಂದುವುದಿಲ್ಲ. ಹತ್ತನೇ ವಾರಕ್ಕೆ ಪೆಂಟಾ ಒಂದೇ ಸೂಜಿ. ಹದಿನಾಲ್ಕನೇ ವಾರಕ್ಕೆ ಮತ್ತೆ ಮೂರು.

3. ಪೆಂಟಾ ಹಾಕಬೇಕಾದದ್ದು ಎಡ ತೊಡೆಯ ಮುಂದಿನ-ಹೊರಬದಿಯ ಸ್ನಾಯುವಿಗೆ. ಕುಂಡೆಗೆ ಬೇಡ. ಅಲ್ಲಿ ಕೊಬ್ಬು ಹೆಚ್ಚು, ಕಾಲಿನ ದೊಡ್ಡ ನರವೂ ಹತ್ತಿರ.

4. ಮಗುವನ್ನು ಮಡಿಲಲ್ಲಿ ಅವುಚಿಕೊಂಡು, ಆಗುವುದಾದರೆ ಎದೆಹಾಲು ಕುಡಿಸುತ್ತಲೇ ಹಾಕಿಸಿ. ನೋವು ನಿಜಕ್ಕೂ ಕಡಿಮೆಯಾಗುತ್ತದೆ.

5. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ಬಹಳ ಅಪರೂಪ. ಆದರೆ ಬಂದರೆ ನಿಮಿಷಗಳಲ್ಲಿ ಬರುತ್ತದೆ, ಅದಕ್ಕೆ ಔಷಧ ಅಲ್ಲಿ ಸಿಸ್ಟರ್ ಹತ್ತಿರ ಇರುತ್ತದೆ. ಬಸ್ಸಿನಲ್ಲಿ ಇರುವುದಿಲ್ಲ.

6. ಮನೆಗೆ ಬಂದ ಮೇಲೆ ಹಾಲು ಮತ್ತೆ ಮತ್ತೆ ಕುಡಿಸಿ, ತೆಳು ಬಟ್ಟೆ ಹಾಕಿ. ಊದಿದ ಕಡೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಡಬಹುದು.

7. ಜ್ವರ ಸಾಮಾನ್ಯವಾಗಿ ಅದೇ ದಿನ ಬಂದು ಒಂದೆರಡು ದಿನಕ್ಕೆ ಇಳಿಯುತ್ತದೆ. ಮೈ ಕಾದು ಮಗು ಕಷ್ಟಪಡುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಡುವೆ ಕನಿಷ್ಠ ಆರು ಗಂಟೆ ಅಂತರ. ಎಷ್ಟು ಎಂಬುದನ್ನು ಮಗುವನ್ನು ತೂಗಿ ಸಿಸ್ಟರ್ ಅಥವಾ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ.

ಈ ಏಳನೆಯದರಲ್ಲಿ ಒಂದು ಅಪಾಯ ಅಡಗಿದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಾದರೆ ಐದು ಮಿಲಿಲೀಟರಿಗೆ 120 ಅಥವಾ 125, ಕೆಲವದರಲ್ಲಿ 250. ಐದು ಕಿಲೋ ಕೂಸಿಗೆ ಡ್ರಾಪ್ಸ್ ಆದರೆ ಅರ್ಧದಿಂದ ಮುಕ್ಕಾಲು ಮಿಲಿಲೀಟರ್ ಸಾಕು. ಸಿರಪ್‌ನ ಅಳತೆಯಲ್ಲಿ "ಅರ್ಧ ಚಮಚ" ಎಂದು ಡ್ರಾಪ್ಸ್ ಕುಡಿಸಿದರೆ ಕೊಡಬೇಕಾದದ್ದರ ಮೂರರಿಂದ ಐದು ಪಟ್ಟು ಹೋಗಿಬಿಡುತ್ತದೆ. ಬಾಟಲಿಯ ಮೇಲಿರುವುದನ್ನು ಓದಿ, ಅದರ ಜೊತೆ ಬಂದ ಡ್ರಾಪರ್‌ನಲ್ಲೇ ಅಳೆಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಜ್ವರ ಬರುವ ಮೊದಲೇ ಔಷಧಿ ಕುಡಿಸುವುದು.* ಕ್ಲಿನಿಕ್‌ಗೆ ಹೊರಡುವ ಮುಂಚೆಯೇ ಒಂದು ಡೋಸ್ ಕುಡಿಸಿಬಿಡುವವರಿದ್ದಾರೆ. ಜೆಕ್ ಗಣರಾಜ್ಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆಯ ದಿನ ಮುಂಜಾಗ್ರತೆಗೆಂದು ಪ್ಯಾರಾಸಿಟಮಾಲ್ ಪಡೆದ ಶಿಶುಗಳಲ್ಲಿ ಹಲವು ಅಂಶಗಳಿಗೆ ಪ್ರತಿಕಾಯಗಳ ಮಟ್ಟ ಕಡಿಮೆ ಕಂಡಿತು. ಅದಕ್ಕೇ ಅಗತ್ಯ ಬಿದ್ದಾಗ ಮಾತ್ರ ಕೊಡಿ. ಹಿಂದೆ ಜ್ವರದಲ್ಲಿ ಫಿಟ್ಸ್ ಬಂದ ಮಗುವಾದರೆ ಡಾಕ್ಟರ್ ಹೇಳಿದಂತೆ ನಡೆಯಿರಿ.

*ಜ್ವರ ಬರಲಿಲ್ಲ, ಹಾಗಾದರೆ ಲಸಿಕೆ ಹತ್ತಲಿಲ್ಲ ಎನ್ನುವುದು.* ಅರ್ಧದಷ್ಟು ಡೋಸ್‌ಗಳಲ್ಲಿ ಜ್ವರವೇ ಇರುವುದಿಲ್ಲ, ಲಸಿಕೆ ಕೆಲಸ ಮಾಡಿರುತ್ತದೆ. ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎನ್ನುವುದೂ ವ್ಯರ್ಥ. ಇಷ್ಟು ಪ್ರತಿಕಾಯ ಇದ್ದರೆ ನಾಯಿಕೆಮ್ಮಿನಿಂದ ರಕ್ಷಣೆ ಖಚಿತ ಎನ್ನುವ ಒಪ್ಪಿತ ಗಡಿ ಯಾವುದೂ ಇಲ್ಲ.

*ನೆಗಡಿ ಇದೆ ಎಂದು ಮುಂದೂಡುವುದು.* ನೆಗಡಿ, ಸಣ್ಣ ಜ್ವರ, ಭೇದಿ, ಕಡಿಮೆ ತೂಕ, ಮನೆಯಲ್ಲಿ ಯಾರಿಗೋ ಫಿಟ್ಸ್ ಇರುವುದು, ಇವು ಯಾವುವೂ ಅಡ್ಡಿಯಲ್ಲ. ತಿಂಗಳು ತುಂಬುವ ಮೊದಲು ಹುಟ್ಟಿದ ಮಗುವಿಗೂ ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ ಲಸಿಕೆ ಕೊಡುತ್ತಾರೆ.

*ಊದಿದ ಕಡೆ ಎಣ್ಣೆ ಹಚ್ಚಿ ತಿಕ್ಕುವುದು, ಶಾಖ ಕೊಡುವುದು, ಅರಿಶಿನ ಮೆತ್ತುವುದು.* ನೋವು, ಊತ ಹೆಚ್ಚುತ್ತದೆ. ಜ್ವರ ಇಳಿದ ಮೇಲೂ ಕಡಲೆಕಾಳಿನಷ್ಟು ಗಟ್ಟಿ ಗಂಟು ವಾರಗಟ್ಟಲೆ ಉಳಿಯಬಹುದು, ನೋವಿಲ್ಲದಿದ್ದರೆ ಬಿಟ್ಟುಬಿಡಿ, ತಾನೇ ಕರಗುತ್ತದೆ. ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದು ಕೀವು ಕಂಡರೆ ಡಾಕ್ಟರಿಗೆ ತೋರಿಸಿ.

*ಮನೆಯಲ್ಲಿದ್ದ ಬೇರೆ ಜ್ವರದ ಔಷಧಿ ಕೊಡುವುದು.* ಆಸ್ಪಿರಿನ್ ಬೇಡ. ನಿಮೆಸುಲೈಡ್ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಮ್ಮ ದೇಶದಲ್ಲಿ 2011ರಿಂದ ನಿಷೇಧ.

*ಲಸಿಕೆಯನ್ನು ಫ್ರೀಜರ್‌ನಲ್ಲಿಡುವುದು.* ಮೆಡಿಕಲ್‌ನಲ್ಲಿ ಕೊಂಡು ಡಾಕ್ಟರ ಬಳಿಗೆ ಒಯ್ಯುವವರು ಇದನ್ನು ಗಮನಿಸಿ. ಈ ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಶಕ್ತಿ ಹೋಯಿತು, ಕರಗಿಸಿದರೂ ಮರಳಿ ಬರುವುದಿಲ್ಲ. ಐಸಿಗೆ ನೇರ ತಾಗಿಸಬೇಡಿ.

*ಕತ್ತೆ ಹಾಲು ಕುಡಿಸಿದ್ದೇವೆ, ಸಾಕು ಎನ್ನುವುದು.* ಕತ್ತೆ ಹೊಡೆದುಕೊಂಡು ಬೀದಿಗೆ ಬರುವವರು ಮಗುವಿನ ಕೆಮ್ಮಿಗೆ ಒಂದು ಒಳಲೆ ಹಾಲಿಗೆ ಒಳ್ಳೆ ಬೆಲೆಯನ್ನೇ ಕೇಳುತ್ತಾರೆ. ಅದರಿಂದ ನಾಯಿಕೆಮ್ಮಿಗೆ ರಕ್ಷಣೆ ಸಿಗುವುದಿಲ್ಲ, ಕಾಯಿಸದ ಹಾಲಿನಿಂದ ಬೇರೆ ಸೋಂಕು ಸಿಗಬಹುದು. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದೂ ಒಂದು ವರ್ಷದೊಳಗೆ ಬೇಡ. ಜೇನಿನಿಂದ ಎಳೆ ಮಕ್ಕಳಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರುವ ಸಾಧ್ಯತೆ ಇದೆ.

ಯಾವಾಗ ಓಡಬೇಕು, ಯಾವಾಗ ನಿಲ್ಲಿಸಬೇಕು

ಮೂರು ಗಂಟೆ ಮೀರಿ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಮಗು ಬಿಳಿಚಿ ಮೈ ಸಡಿಲ ಬಿಟ್ಟರೆ, ಹಾಲು ಕುಡಿಯುವುದನ್ನೇ ನಿಲ್ಲಿಸಿದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ ತಡ ಮಾಡಬೇಡಿ. ಮೂರು ತಿಂಗಳೊಳಗಿನ ಮಗುವಿನ ಜ್ವರಕ್ಕೆ ಲಸಿಕೆಯಲ್ಲದ ಕಾರಣವೂ ಇರಬಹುದು.

ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ಏಳು ದಿನದೊಳಗೆ ಬೇರೆ ಕಾರಣವಿಲ್ಲದೆ ಮಿದುಳಿನ ಕಾಯಿಲೆ ಕಾಣಿಸಿಕೊಂಡಿದ್ದರೆ ನಾಯಿಕೆಮ್ಮಿನ ಲಸಿಕೆ ಮತ್ತೆ ಕೊಡುವುದಿಲ್ಲ. ಹತೋಟಿಗೆ ಬಾರದ ಫಿಟ್ಸ್ ಇರುವ ಮಗುವಿಗೆ, ಅದು ಹತೋಟಿಗೆ ಬರುವ ತನಕ ಕಾಯುತ್ತಾರೆ. ಹಿಂದಿನ ಡೋಸ್ ನಂತರ ಫಿಟ್ಸ್ ಅಥವಾ ಮೈ ಸಡಿಲ ಬಿಡುವುದು ಆಗಿದ್ದರೆ, ಮುಂದಿನದಕ್ಕೆ ಏಸೆಲ್ಯುಲಾರ್ ಬಳಸುವ ಬಗ್ಗೆ ಮಕ್ಕಳ ತಜ್ಞರು ನಿರ್ಧರಿಸಬಹುದು. "ಪೇನ್‌ಲೆಸ್"ಗೆ ನಿಜವಾದ ಜಾಗ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ.

ಡೋಸ್ ತಪ್ಪಿದ್ದರೆ

ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಇದ್ದರಾಯಿತು. ಹೆಚ್ಚಾದರೆ ನೆನಪಿನ ಕಣಗಳು ಮರೆತುಬಿಡುವುದಿಲ್ಲ, ಆದರೆ ಆ ಅವಧಿಯಲ್ಲಿ ಮಗು ಅರ್ಧ ರಕ್ಷಣೆಯಲ್ಲಿ ಇರುತ್ತದೆ. ಒಂದು ವರ್ಷದೊಳಗೆ ಪೆಂಟಾ ಶುರುವೇ ಆಗದಿದ್ದರೆ ಸರ್ಕಾರಿ ಕಾರ್ಯಕ್ರಮದಲ್ಲಿ ಡಿಪಿಟಿ ಕೊಡುತ್ತಾರೆ, ಅದು ಏಳು ವರ್ಷದ ತನಕ ಸಾಧ್ಯ. ಮೊದಲೆರಡು ಡೋಸ್ ಒಂದು ಬಗೆ, ಮೂರನೆಯದು ಇನ್ನೊಂದು ಬಗೆ ಆದರೂ ಲೆಕ್ಕಕ್ಕೆ ಬರುತ್ತದೆ.

ಬಹಳ ಮನೆಗಳಲ್ಲಿ ಕೈತಪ್ಪುವುದು ಬೂಸ್ಟರ್: 16ರಿಂದ 24 ತಿಂಗಳಲ್ಲಿ ಒಂದು, 5ರಿಂದ 6 ವರ್ಷದಲ್ಲಿ ಇನ್ನೊಂದು. ಅಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ, ತಾಯಿ ಕಾರ್ಡ್ ಬೀರುವಿನ ಯಾವ ಮೂಲೆಯಲ್ಲಿದೆಯೋ ಗೊತ್ತಿರುವುದಿಲ್ಲ. ನಾಯಿಕೆಮ್ಮಿನ ರಕ್ಷಣೆ, ಲಸಿಕೆಯಿಂದ ಬಂದದ್ದಾಗಲಿ ಕಾಯಿಲೆಯಿಂದ ಬಂದದ್ದಾಗಲಿ, ಜೀವನಪೂರ್ತಿ ಉಳಿಯುವುದಿಲ್ಲ. ಶಾಲೆಯಲ್ಲಿ 10 ಮತ್ತು 16ನೇ ವರ್ಷಕ್ಕೆ ಕೊಡುವ ಟಿಡಿ ಧನುರ್ವಾಯು, ಗಂಟಲಮಾರಿಗೆ ಮಾತ್ರ, ಅದರಲ್ಲಿ ನಾಯಿಕೆಮ್ಮಿನ ಅಂಶವೇ ಇಲ್ಲ.

ಆರು ವಾರಕ್ಕೂ ಮುಂಚೆ

ಹುಟ್ಟಿದ ದಿನದಿಂದ ಮೊದಲ ಡೋಸ್ ತನಕ ಕೂಸಿಗೆ ತನ್ನದೇ ರಕ್ಷಣೆ ಇರುವುದಿಲ್ಲ. ಅದನ್ನು ತಾಯಿ ಕೊಡಬಹುದು. ಗರ್ಭಿಣಿ 27ರಿಂದ 36ನೇ ವಾರದೊಳಗೆ ಟಿಡ್ಯಾಪ್ ಲಸಿಕೆ ಹಾಕಿಸಿಕೊಂಡರೆ ಅವಳ ಪ್ರತಿಕಾಯಗಳು ಮಾಸುಚೀಲದ ಮೂಲಕ ಮಗುವಿಗೆ ದಾಟುತ್ತವೆ. ಬ್ರಿಟನ್ 2012ರ ಅಕ್ಟೋಬರಿನಲ್ಲಿ ಇದನ್ನು ಶುರು ಮಾಡಿದಾಗ ಎಳೆಗೂಸುಗಳಲ್ಲಿ ಸುಮಾರು ಶೇ. 90ರಷ್ಟು ಪರಿಣಾಮ ಕಂಡಿತು. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವುದು ಟಿಡಿ. ನಾಯಿಕೆಮ್ಮಿನ ಅಂಶವಿರುವ ಟಿಡ್ಯಾಪ್ ಬೇಕಿದ್ದರೆ ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು, ಪ್ರತಿ ಬಸುರಿಗೂ ಹೊಸದಾಗಿ. ಮಗುವಿನ "ಪೇನ್‌ಲೆಸ್"ಗೆಂದು ದುಡ್ಡು ಎತ್ತಿಟ್ಟಿದ್ದರೆ, ಅದನ್ನು ಇದಕ್ಕೆ ಬಳಸಿ ಎನ್ನುತ್ತೇನೆ. ಎರಡು ವಾರ ದಾಟಿದ ಕೆಮ್ಮು ಇರುವ ಯಾರೇ ಆಗಲಿ, ಅಜ್ಜಿಯೇ ಆಗಲಿ ದೊಡ್ಡಪ್ಪನೇ ಆಗಲಿ, ಡಾಕ್ಟರಿಗೆ ತೋರಿಸುವ ತನಕ ಕೂಸನ್ನು ಎತ್ತಿಕೊಳ್ಳುವುದು ಬೇಡ.